ಒಂದೇ ಮನೆಯ ಇಬ್ಬರು ಜೋಯೆಯರು

ಕ್ವೇಕರ್ಸ್ ಹಿಲ್, ಸಿಡ್ನಿ
೯ ಮಾರ್ಚ್ ೨೦೨೪

ಚಿ. ತೇಜಸ್ವಿನಿಗೆ ದೊಡ್ಡಮ್ಮ ಅನಸೂಯಾ ಮಾಡುವ ಆಶೀರ್ವಾದಗಳು.

ನಿನ್ನ ವಾಂತಿ ಕಡಿಮೆಯಾಯಿತೇ? ನಿನ್ನ ಗಂಡ ಬ್ರೆಂಡನ್‌ನ ಬೆನ್ನುನೋವು ಹೇಗಿದೆ? ನಿನ್ನ ಮಾವ ಕೆವಿನ್ ಅವರು ಮೊಣಕಾಲಿನ ಆಪರೇಷನ್ ಆದ ಮೇಲೆ ಮೆಟ್ಟಿಲು ಹತ್ತುತ್ತಿದ್ದಾರೆಯೇ? ಮೈಸೂರಿನಿಂದ ನಿನ್ನಮ್ಮ ಚಂದ್ರಪ್ರಭಾ ಫೋನ್ ಮಾಡಿದ್ದಳು. ಸಕ್ಕರೆ ಹತೋಟಿಯಲ್ಲಿದೆ ಎಂದಳು. ನನ್ನ ತಂಗಿ ತನ್ನ ಆರೋಗ್ಯದ ಬಗ್ಗೆ ಹೇಳಿದ್ದರಲ್ಲಿ ನಾನು ಅರ್ಧ ನಂಬುತ್ತೇನೆ. ಇಲ್ಲಿ ನಿನ್ನ ಗೌರೀಶಣ್ಣ ವಾರಕ್ಕೆ ಮೂರು ದಿನ ನಾರ್ವೆಸ್ಟ್ ಆಫೀಸಿಗೆ ಹೋಗಿ ಬರುತ್ತಿದ್ದಾನೆ. ಮಹಾಶ್ವೇತಾ ಅತ್ತಿಗೆಗೆ ನೆಗಡಿ. ಮೊಮ್ಮಗ ಅದ್ವಿಕ್‌ಗೆ ಮುಂದಿನ ಎರಡು ಹಲ್ಲು ಬಿದ್ದು, ಕನ್ನಡ ಮಾತಾಡದಿರಲು ಹೊಸ ನೆಪ ಸಿಕ್ಕಿದೆ.

ಹೆಸರುಗಳು ಫೋನಿನಲ್ಲಿ ಹೇಳಿದರೆ ಕಿವಿಯಲ್ಲಿ ನಿಲ್ಲುವುದಿಲ್ಲ, ಕಾಗದದಲ್ಲೇ ಬರೆಯಿರಿ ಎಂದೆಯಲ್ಲ, ಅದಕ್ಕೇ ಕೂತಿದ್ದೇನೆ. ಆಗಸ್ಟ್ ಹದಿನೇಳಕ್ಕೆ ನಿನ್ನ ಮಾವನಿಗೆ ಎಪ್ಪತ್ತೈದು ತುಂಬುವ ಹೊತ್ತಿಗೆ ಅವರ ವಂಶವೃಕ್ಷ ಬರೆದು ಕೊಡಬೇಕೆಂದು ನೀನು ಕೇಳಿದಾಗ ನನಗಾದ ಸಂತೋಷ ಹೇಳಲಾರೆ. ಏಳನೇ ಕ್ಲಾಸು ಓದಿ, ನಂಜನಗೂಡಿನಲ್ಲಿ ಮೂವತ್ತು ವರ್ಷ ಹೊಲಿಗೆ ಹೇಳಿಕೊಟ್ಟವಳಿಗೆ ಕೆನಡಾದ ಫ್ರೆಂಚ್ ಚರ್ಚಿನ ಪುಸ್ತಕ ನೋಡುವ ಕೆಲಸ. ಮಹಾಶ್ವೇತಾ ನಗುತ್ತಾಳೆ. "ಅತ್ತೆ, ನಮ್ಮ ಮನೆದು ನಾಲ್ಕು ತಲೆ ಹೇಳಿ ಅಂದ್ರೆ ಮೂರಕ್ಕೆ ನಿಲ್ಲಿಸ್ತೀರ. ಅವರದ್ದು ಹತ್ತು ತಲೆ ಹುಡುಕ್ತಿದೀರ." ಏನು ಮಾಡಲಿ, ನಮ್ಮದನ್ನು ಯಾರೂ ಬರೆದಿಡಲಿಲ್ಲ. ಅವರದ್ದನ್ನು ಪಾದ್ರಿ ಬರೆದಿಟ್ಟ.

ಲೈಬ್ರರಿಯಲ್ಲಿ ಗುರುವಾರ ವಂಶಾವಳಿ ಹುಡುಕುವವರ ಗುಂಪು ಸೇರುತ್ತದೆ. ಅಲ್ಲಿ ಡೋರೀನ್ ಎಂಬ ಮುದುಕಿ ನನಗೆ ಇಪ್ಪತ್ತು ಫ್ರೆಂಚ್ ಮಾತುಗಳ ಒಂದು ಚೀಟಿ ಬರೆದುಕೊಟ್ಟಿದ್ದಾಳೆ. ಹುಟ್ಟಿದ, ನಿನ್ನೆ, ತಂದೆ, ತಾಯಿ, ರೈತ, ಸಹಿ ಹಾಕಲು ಬರುವುದಿಲ್ಲ, ಇಷ್ಟೇ. ಪುಸ್ತಕವೆಲ್ಲ ಕಂಪ್ಯೂಟರಿನಲ್ಲಿದೆ. ಪಾದ್ರಿ ಅಂಚಿನಲ್ಲಿ ಒಂದೊಂದು ಅಕ್ಷರ ಹಾಕಿದ್ದಾನೆ. ಬಿ ಎಂದರೆ ನಾಮಕರಣ, ಎಂ ಎಂದರೆ ಮದುವೆ, ಎಸ್ ಎಂದರೆ ಮಣ್ಣು ಮಾಡಿದ್ದು. ಎಸ್ ಬಂದ ಕಡೆ ನಾನು ಪರದೆಗೆ ಅಂಗೈ ಅಡ್ಡ ಇಟ್ಟು ಮುಂದೆ ಹೋಗುತ್ತೇನೆ. ಬಸುರಿಗೆ ಬರೆಯುವ ಕಾಗದಕ್ಕೆ ಅದು ಬೇಡ.

ಬ್ರೆಂಡನ್‌ನ ಮುತ್ತಜ್ಜನ ಅಜ್ಜ ಸಿಕ್ಕಿದ. ಚಿನ್ನ ಅಗೆಯಲು ಕೆನಡಾದಿಂದ ಇಲ್ಲಿಯ ಬೆಂಡಿಗೋಗೆ ಬಂದನಲ್ಲ, ಅವನೇ. ಸೇಂಟ್ ಲಾರೆನ್ಸ್ ಎಂಬ ದೊಡ್ಡ ನದಿಯ ದಂಡೆಯ ಊರಿನವನು. ಅವನ ಹೆಸರು ಜೋಸೆಫ್. ಸರಿ ಎಂದು ಬರೆದುಕೊಂಡೆ. ಅವನ ಅಣ್ಣನ ಹೆಸರೂ ಜೋಸೆಫ್. ತಮ್ಮ ಜೋಸೆಫ್. ಒಟ್ಟು ಐದು ಗಂಡುಮಕ್ಕಳು, ಐದೂ ಜೋಸೆಫ್. ಹೆಣ್ಣುಮಕ್ಕಳೆಲ್ಲ ಮರಿ, ಅಂದರೆ ನಮ್ಮ ಮೇರಿ. ಊಟಕ್ಕೆ ಕರೆದರೆ ಯಾರು ಬರಬೇಕು ತೇಜು? ನಿನ್ನ ಮಾವನನ್ನು ಕೇಳಿ ಬರೆ.

ಈ ಸಲ ಎಲ್ಲ ಸರಿಯಾಗುತ್ತದೆ. ಹಿಂದಿನದನ್ನು ಮನಸ್ಸಿಗೆ ತಂದುಕೊಳ್ಳಬೇಡ. ಬೆಳಿಗ್ಗೆ ಎದ್ದ ಕೂಡಲೇ ಎರಡು ಒಣ ಬಿಸ್ಕತ್ತು ತಿನ್ನು.

ನಿನ್ನ ದೊಡ್ಡಮ್ಮ,
ಅನಸೂಯಾ


ವೆರಿಬೀ, ಮೆಲ್ಬರ್ನ್
೨೭ ಮಾರ್ಚ್ ೨೦೨೪

ಪ್ರೀತಿಯ ದೊಡ್ಡಮ್ಮನಿಗೆ ನಮಸ್ಕಾರ.

ಕನ್ನಡದಲ್ಲಿ ಕೈಯಿಂದ ಬರೆದು ಹನ್ನೆರಡು ವರ್ಷವಾಯಿತು. ಸ್ಟೂಡೆಂಟ್ ಆಗಿ ಬಂದಾಗ ಅಮ್ಮನಿಗೆ ಬರೆದ ಒಂದು ಗ್ರೀಟಿಂಗ್ ಕಾರ್ಡೇ ಕೊನೆಯದು. ತಪ್ಪಿದ್ದರೆ ಕ್ಷಮಿಸಿ. ವಾಂತಿ ನಿಂತಿದೆ. ಏಜ್ಡ್ ಕೇರ್‌ನಲ್ಲಿ ವಯಸ್ಸಾದವರನ್ನು ಎತ್ತಿ ಮಲಗಿಸುವ ಕೆಲಸದಿಂದ ನನ್ನನ್ನು ಬಿಡಿಸಿ ಊಟದ ಹಾಲ್‌ಗೆ ಹಾಕಿದ್ದಾರೆ. ಬ್ರೆಂಡನ್ ಬೆನ್ನು ಸರಿಹೋಗಿದೆ. ಮಾವ ಮೆಟ್ಟಿಲು ಹತ್ತುತ್ತಾರೆ, ಇಳಿಯುವಾಗ ಬೈಯುತ್ತಾರೆ.

ನಿಮ್ಮ ಪ್ರಶ್ನೆಯನ್ನು ಭಾನುವಾರ ಮಾವನಿಗೆ ಹೇಳಿದೆ. ಅವರು ಟೀ ಕುಡಿಯುತ್ತಿದ್ದವರು ಕಪ್ ಕೆಳಗಿಟ್ಟು ನಕ್ಕರು. "ಐದು ಜೋಸೆಫ್ ಅಲ್ಲ ಕಣಮ್ಮ, ಐದು ಟೋಪಿ. ಬಾಗಿಲಲ್ಲಿ ತೆಗೆದಿಟ್ಟು ಒಳಗೆ ಬರೋದು" ಎಂದರು. ಗಂಡಾದರೆ ಜೋಸೆಫ್, ಹೆಣ್ಣಾದರೆ ಮರಿ, ಅದು ದೇವರಿಗೆ. ನಡುವೆ ಒಂದು ಹೆಸರು ಇದ್ದರೆ ಅದು ಹೆಚ್ಚಾಗಿ ಮಗುವನ್ನು ಎತ್ತಿಕೊಂಡ ಗಾಡ್‌ಫಾದರ್ ಅಥವಾ ಗಾಡ್‌ಮದರ್‌ದು. ಕೊನೆಯದೇ ಮನೆಯವರು ಕೂಗುವ ಹೆಸರು. ನಮ್ಮ ಬೆಂಡಿಗೋ ಅಜ್ಜ ಜೋಸೆಫ್ ಆಂತ್ವಾನ್ ನಾರ್ಸಿಸ್. ಅವನನ್ನು ಜೋಸೆಫ್ ಎಂದು ಕೂಗಿದ್ದರೆ ತಿರುಗಿಯೂ ನೋಡುತ್ತಿರಲಿಲ್ಲವಂತೆ. ಮಾವ ಸ್ವತಃ ಕೆವಿನ್ ಜೋಸೆಫ್. ಇಲ್ಲಿಗೆ ಬಂದ ಮೇಲೆ ಟೋಪಿ ಹಿಂದಕ್ಕೆ ಸರಿದಿದೆ.

ದೊಡ್ಡಮ್ಮ, ಒಂದು ಕೇಳಬೇಕಿತ್ತು. ಹುಟ್ಟಿ ಕೆಲವೇ ದಿನಕ್ಕೆ ಹೋದ ಮಕ್ಕಳನ್ನೂ ಆ ಪಾದ್ರಿ ಬರೆಯುತ್ತಿದ್ದನಾ? ಹುಟ್ಟುವಾಗಲೇ ಹೋದವರನ್ನು? ಬರೆದಿದ್ದರೆ ನಮ್ಮ ಚಾರ್ಟ್‌ನಲ್ಲಿ ಅವರಿಗೆ ಜಾಗ ಕೊಡುತ್ತೀರಾ? ೨೦೨೨ರಲ್ಲಿ ನಮ್ಮದು ಏಳನೇ ತಿಂಗಳಲ್ಲಿ ಹೋದ ಮೇಲೆ ಇಂಥದ್ದೆಲ್ಲ ತಲೆಗೆ ಬರುತ್ತದೆ. ಸುಮ್ಮನೆ ಕೇಳಿದೆ.

ಅತ್ತಿಗೆಗೆ ನೆಗಡಿಗೆ ಕಷಾಯ ಮಾಡಿಕೊಡಿ. ಅದ್ವಿಕ್‌ಗೆ ಮುತ್ತು.

ನಿಮ್ಮ ಮಗಳು,
ತೇಜು


ಕ್ವೇಕರ್ಸ್ ಹಿಲ್
೨೦ ಏಪ್ರಿಲ್ ೨೦೨೪

ಚಿ. ತೇಜುಗೆ ಆಶೀರ್ವಾದಗಳು.

ನಿನ್ನ ಅಕ್ಷರ ಇನ್ನೂ ದುಂಡಗಿದೆ. ತಪ್ಪು ಮೂರೇ ಇದ್ದವು, ಹೇಳುವುದಿಲ್ಲ.

ನಿನ್ನ ಮಾವನ ಟೋಪಿ ಕಥೆಯಿಂದ ನನ್ನ ಗಂಟು ಬಿಚ್ಚಿತು. ಅಲ್ಲಿಂದ ಓಡಿದ್ದೇ ಓಡಿದ್ದು. ಅವರ ಮನೆತನದ ಮೊದಲಿಗ ೧೬೯೦ರ ಸುಮಾರಿಗೆ ಫ್ರಾನ್ಸಿನಿಂದ ಸಿಪಾಯಿಯಾಗಿ ಬಂದವನು. ಮನೆಯ ಹೆಸರು ಬೆನ್ವಾ. ಪಟಾಲಮಿನಲ್ಲಿ ಎಲ್ಲರಿಗೂ ಒಂದೊಂದು ಕರೆಯುವ ಹೆಸರು ಕೊಡುತ್ತಿದ್ದರಂತೆ, ಇವನಿಗೆ ಲಾರಿವಿಯರ್, ಅಂದರೆ ಹೊಳೆ. ಪಾದ್ರಿ ನೂರೈವತ್ತು ವರ್ಷ 'ಬೆನ್ವಾ, ಲಾರಿವಿಯರ್ ಎಂದು ಕರೆಯಲ್ಪಡುವ' ಎಂದೇ ಬರೆದಿದ್ದಾನೆ. ಕೊನೆಗೆ ಮನೆಯ ಹೆಸರು ಬಿದ್ದುಹೋಗಿ ಕರೆಯುವ ಹೆಸರೇ ಉಳಿಯಿತು. ನಮ್ಮಪ್ಪನೂ ಹಾಗೆಯೇ. ಕಾಗದಪತ್ರದಲ್ಲಿ ವೆಂಕಟರಾಮಯ್ಯ, ಊರಿಗೆಲ್ಲ ಮಗ್ಗದ ರಾಮಣ್ಣ. ಮಗ್ಗ ಮಾರಿ ಇಪ್ಪತ್ತು ವರ್ಷವಾದ ಮೇಲೂ ಮಗ್ಗದ ರಾಮಣ್ಣನೇ.

ನನಗೆ ಇನ್ನೊಂದು ಇಷ್ಟವಾಯಿತು. ಆ ಪುಸ್ತಕದಲ್ಲಿ ಹೆಂಗಸರಿಗೆ ಮದುವೆಯಾದರೂ ತವರಿನ ಹೆಸರೇ. ಹತ್ತು ಹೆತ್ತು ಮುದುಕಿಯಾದರೂ ಪಾದ್ರಿ ಅವಳನ್ನು ಅವಳಪ್ಪನ ಮನೆಯ ಹೆಸರಿನಿಂದಲೇ ಬರೆಯುತ್ತಾನೆ. ಡೋರೀನ್‌ಗೆ ಹೇಳಿದೆ. ಅವಳು "ನಿನ್ನ ಗಂಡನ ಹೆಸರೇನು?" ಎಂದಳು. ನಾನು ಚೀಟಿಯಲ್ಲಿ ಸುಬ್ಬಣ್ಣ ಎಂದು ಬರೆದು ತಳ್ಳಿದೆ. "ಬಾಯಿಬಿಟ್ಟು ಹೇಳು" ಎಂದಳು. ನಲವತ್ತು ವರ್ಷ ಸಂಸಾರ ಮಾಡಿದಾಗ ಹೇಳದ್ದನ್ನು, ಅವರು ಹೋದ ಮೇಲೆ, ನಿನ್ನಂಥವಳ ಮುಂದೆ ಹೇಳಲೇ ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಕೇಕು ಕೊಟ್ಟಳು.

ಇದರ ಜೊತೆ ಮೊದಲ ಕರಡು ಕಳಿಸಿದ್ದೇನೆ. ಬ್ಲೌಸಿನ ಅಳತೆ ಕತ್ತರಿಸುವ ಕಂದು ಕಾಗದದಲ್ಲೇ ಬರೆದಿದ್ದೇನೆ, ಮಡಿಸಿದರೂ ಹರಿಯುವುದಿಲ್ಲ. ನಿನ್ನ ಮಾವನಿಗೂ ಓದಲು ಬರಲೆಂದು ಹೆಸರುಗಳನ್ನು ಕನ್ನಡದ ಜೊತೆ ಇಂಗ್ಲಿಷಿನಲ್ಲೂ ಹಾಕಿದ್ದೇನೆ. ನಾರ್ಸಿಸ್‌ನ ಒಡಹುಟ್ಟಿದವರ ಸಾಲಿನಲ್ಲಿ ಒಂದು ಕೆಂಪು ಗೆರೆ ಕಾಣುತ್ತದೆ. ಅಲ್ಲಿ ೧೮೨೬ರಲ್ಲಿ ಮರಿ ಜೋಯೆ ಎಂಬ ಹುಡುಗಿಯ ನಾಮಕರಣ, ೧೮೨೯ರಲ್ಲಿ ಮತ್ತೆ ಮರಿ ಜೋಯೆ. ಅದೇ ತಂದೆ, ಅದೇ ತಾಯಿ. ಮೊದಲನೆಯ ಸಲ ಶಾಸ್ತ್ರದಲ್ಲಿ ಏನೋ ಕುಂದಾಗಿ ಎರಡನೆಯ ಸಲ ಮಾಡಿಸಿರಬೇಕು. ಒಂದು ವೇಳೆ ಮೊದಲ ಕೂಸು ಹೋಗಿದ್ದರೂ ಅದರ ಹೆಸರನ್ನು ತಂದು ಇನ್ನೊಂದಕ್ಕೆ ಇಡುವವರುಂಟೇ? ನಮ್ಮಲ್ಲಾದರೆ ಒಂದು ಹೋಗಿ ಮತ್ತೊಂದು ಹುಟ್ಟಿದರೆ ಗುಂಡ, ತಿಪ್ಪ, ಕಲ್ಲಪ್ಪ ಎಂದು ಯಮನಿಗೂ ಬೇಡವಾಗುವ ಹೆಸರಿಡುತ್ತೇವೆ. ಆದ್ದರಿಂದ ಇಬ್ಬರೂ ಒಬ್ಬಳೇ ಎಂದು ತೀರ್ಮಾನಿಸಿ ಮೊದಲನೆಯದನ್ನು ಹೊಡೆದುಹಾಕಿದ್ದೇನೆ. ಒಳ್ಳೆಯ ಪ್ರತಿಯಲ್ಲಿ ಬರುವುದಿಲ್ಲ.

ನಿನ್ನ ಪ್ರಶ್ನೆ ಓದಿದೆ. ನಿನಗೆ ಭಯವಾಗಿದೆ ಎಂದು ಗೊತ್ತು. ಅಂಥ ಸಾಲುಗಳನ್ನು ನಾನು ಓದಿಯೇ ಇಲ್ಲ, ನೀನೂ ಯೋಚಿಸಬೇಡ. ಮರ ಬರೆಯುವಾಗ ಬೆಳೆದ ಕೊಂಬೆ ಬರೆಯುತ್ತಾರೆ, ಉದುರಿದ ಹೂವನ್ನು ಯಾರು ಬರೆಯುತ್ತಾರೆ ಹೇಳು.

ಕರಡು ನೋಡಿ ಏನಾದರೂ ಬದಲಾಯಿಸಬೇಕಾದರೆ ತಿಳಿಸು.

ನಿನ್ನ ದೊಡ್ಡಮ್ಮ,
ಅನಸೂಯಾ


ವೆರಿಬೀ
೨೯ ಮೇ ೨೦೨೪

ದೊಡ್ಡಮ್ಮನಿಗೆ ನಮಸ್ಕಾರ.

ಕರಡು ಬಂತು. ಥ್ಯಾಂಕ್ಸ್. ತುಂಬಾ ಕಷ್ಟಪಟ್ಟಿದ್ದೀರಿ. ಉತ್ತರ ತಡವಾಯಿತು, ಕೆಲಸದ ರೋಸ್ಟರ್ ಬಿಡುವು ಕೊಡಲಿಲ್ಲ.

ಸ್ಕ್ಯಾನ್ ಆಯಿತು, ಎಲ್ಲ ಸರಿ ಇದೆ. ಹೆಣ್ಣು ಎಂದಿದ್ದಾರೆ.

ಒಳ್ಳೆಯ ಪ್ರತಿ ಮಾಡುವುದು ಬೇಡ ಅನಿಸುತ್ತದೆ. ಇಲ್ಲಿ ಒಂದು ವೆಬ್‌ಸೈಟ್ ಇದೆ, ಹೆಸರು ಹಾಕಿದರೆ ಅವರೇ ಪ್ರಿಂಟ್ ಮಾಡಿ ಫ್ರೇಮ್ ಹಾಕಿ ಕಳಿಸುತ್ತಾರೆ. ನಿಮಗೂ ಕಣ್ಣಿಗೆ ಶ್ರಮ.

ಎಲ್ಲರಿಗೂ ನಮಸ್ಕಾರ.

ತೇಜಸ್ವಿನಿ


ಕ್ವೇಕರ್ಸ್ ಹಿಲ್
೮ ಜೂನ್ ೨೦೨೪

ಚಿ. ತೇಜುಗೆ ಆಶೀರ್ವಾದಗಳು.

ಹೆಣ್ಣೆಂದು ಓದಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಆಮೇಲೆ ನಿನ್ನ ಕಾಗದವನ್ನು ಇನ್ನೊಂದು ಸಲ ಓದಿದೆ. ಒಂದೇ ಪುಟ, ಓದಲು ಹೊತ್ತು ಹಿಡಿಯಿತು. ಕೆಳಗೆ 'ನಿಮ್ಮ ಮಗಳು' ಇರಲಿಲ್ಲ.

ನಾನು ಏನೋ ಮಾಡಿದ್ದೇನೆ, ಅಷ್ಟು ಗೊತ್ತಾಯಿತು. ಏನು ಎಂದು ಮೂರು ದಿನ ಯೋಚಿಸಿದೆ. ಐದು ಜೋಸೆಫ್ ಎಂದು ನಗಾಡಿದ್ದು ನಿನ್ನ ಮಾವನಿಗೆ ಬೇಸರವಾಯಿತೇ? ಕಂದು ಕಾಗದದಲ್ಲಿ ಬರೆದದ್ದು ಬಡತನವಾಗಿ ಕಂಡಿತೇ? ಅಥವಾ ಹಸಿರು ಬಳೆಯನ್ನು ಪೋಸ್ಟಿನಲ್ಲಿ ಕಳಿಸಿ, ನಾನೇ ಬಂದು ತೊಡಿಸಲಿಲ್ಲವೆಂದೇ? ಗೌರೀಶನಿಗೆ ರಜೆ ಸಿಗಲಿಲ್ಲ. ಒಬ್ಬಳೇ ವಿಮಾನ ಹತ್ತಲು ನನಗೆ ಧೈರ್ಯ ಸಾಲಲಿಲ್ಲ. ಅದು ನಿಜವಾದ ಕಾರಣ, ಮುಚ್ಚಿಡುವುದಿಲ್ಲ.

ಮಹಾಶ್ವೇತಾಳಿಗೆ ಕಾಗದ ತೋರಿಸಿದೆ. ಓದಿ ಮಡಿಸಿದಳು.

"ಅತ್ತೆ, ನೀವು ಅವಳಿಗೆ ಏನು ಬರೆದಿದ್ರಿ?"

"ಹೊಳೆ ಬರೆದೆ, ಮಗ್ಗ ಬರೆದೆ, ಜೋಯೆ ಬರೆದೆ."

"ಅವಳು ಏನು ಕೇಳಿದ್ಲು?"

ಹೇಳಿದೆ. ನಾನು ಕೊಟ್ಟ ಉತ್ತರವನ್ನೂ ಹೇಳಿದೆ.

"ಹೂವು ಅಂದ್ರಾ?" ಎಂದಳು. ಅಷ್ಟೇ. ಆಮೇಲೆ ತೊಳೆದಿದ್ದ ಪಾತ್ರೆಯನ್ನೇ ಮತ್ತೆ ತೊಳೆದಳು. ನನ್ನ ಸೊಸೆಗೆ ಕೋಪ ಬಂದರೆ ಹಾಗೆ.

ಗುರುವಾರ ಡೋರೀನ್ ಬೇರೆ. ನಾನು ಎಸ್ ಅಕ್ಷರಕ್ಕೆ ಅಂಗೈ ಅಡ್ಡ ಇಡುವುದನ್ನು ಇಷ್ಟು ದಿನ ಏನೋ ಪೂಜೆ ಎಂದುಕೊಂಡಿದ್ದಳಂತೆ. ಕಾರಣ ಹೇಳಿದೆ. "ಆನ್, ಹಾಗಾದ್ರೆ ನೀನು ಅರ್ಧ ಕುಟುಂಬ ಮಾತ್ರ ಹುಡುಕಿದ್ದೀಯ" ಎಂದಳು. ಅವಳ ಬಾಯಿಗೆ ಅನಸೂಯಾ ಹೊರಳುವುದಿಲ್ಲ. ಬಸುರಿ ಹೆಂಗಸಿಗೆ ಸತ್ತವರ ಪಟ್ಟಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ಹೇಳಿದ ಮೇಲೆ ನನ್ನ ಮಾತು ನನಗೇ ಅಷ್ಟು ಗಟ್ಟಿಯಾಗಿ ಕೇಳಿಸಲಿಲ್ಲ.

ಚಾರ್ಟ್ ಯಾರಾದರೂ ಬರೆಯಲಿ. ನನಗೆ ಚಾರ್ಟ್ ಮುಖ್ಯವಲ್ಲ. ನಾನು ಏನು ತಪ್ಪು ಮಾಡಿದೆ ಎಂದು ನೀನೇ ಬರೆ. ಬೈದು ಬರೆದರೂ ಸರಿ.

ದೊಡ್ಡಮ್ಮ


ವೆರಿಬೀ
೨೬ ಜೂನ್ ೨೦೨೪

ದೊಡ್ಡಮ್ಮ,

ಬೈಯುವುದಿಲ್ಲ. ಆದರೆ ಬರೆಯದೆ ಇದ್ದರೆ ಇನ್ನು ನಿಮ್ಮ ಜೊತೆ ಯಾವತ್ತೂ ಸರಿಯಾಗಿ ಮಾತಾಡಲಾರೆ ಅನಿಸಿತು.

ನಿಮ್ಮ ಕರಡನ್ನು ಮಾವನಿಗೆ ಮೊದಲೇ ತೋರಿಸಬಾರದಿತ್ತು. ತಡೆಯಲಾಗದೆ ಟೇಬಲ್ ಮೇಲೆ ಹರಡಿದೆ. ಅವರು ಕನ್ನಡಕ ಹಾಕಿಕೊಂಡು ಸಿಪಾಯಿಯಿಂದ ಶುರುಮಾಡಿ ಬೆರಳು ಇಡುತ್ತಾ ಕೆಳಗೆ ಬಂದರು. ಖುಷಿಯಾಗಿದ್ದರು. ಕಾಗದ ತುಂಬಾ ಇಷ್ಟವಾಯಿತು ಅವರಿಗೆ, ಅದನ್ನು ಮುಟ್ಟಿ ಮುಟ್ಟಿ ನೋಡಿದರು. ಕೆಂಪು ಗೆರೆಯ ಹತ್ತಿರ ಬೆರಳು ನಿಂತಿತು. "ಇಲ್ಲಿ ಒಬ್ಬಳು ಹುಡುಗಿಯನ್ನು ಅಳಿಸಿದ್ದಾರಲ್ಲ" ಎಂದರು. ನಾನು ನಿಮ್ಮ ಕಾರಣ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. "ಇಲ್ಲ. ಮೊದಲನೆಯವಳು ಸತ್ತಳು. ಆಮೇಲೆ ಹುಟ್ಟಿದವಳಿಗೆ ಅವಳ ಹೆಸರಿಟ್ಟರು. ನಮ್ಮವರು ಹಾಗೇ ಮಾಡೋದು. ನಮ್ಮಜ್ಜಿ ಹೇಳ್ತಿದ್ದಳು, ಆ ಹೆಸರನ್ನು ಮನೆಯಲ್ಲಿ ಯಾರಾದರೂ ಕೂಗುತ್ತಾ ಇರಬೇಕು, ಇಲ್ಲದಿದ್ದರೆ ಅದು ಒಂಟಿಯಾಗುತ್ತೆ."

ಆಗ ಬ್ರೆಂಡನ್ ಎದ್ದು ಕಿಟಕಿ ಹತ್ತಿರ ಹೋಗಿ, ಬೆನ್ನು ತಿರುಗಿಸಿಕೊಂಡೇ, ಅಪ್ಪನಿಗೆ ನಮ್ಮ ಮಗಳ ಹೆಸರು ಹೇಳಿದ.

ಹೌದು ದೊಡ್ಡಮ್ಮ. ಅವಳಿಗೆ ಹೆಸರಿದೆ. ಇಲ್ಲಿ ಅಷ್ಟು ತಿಂಗಳಾದ ಮೇಲೆ ಹೋದ ಮಗುವನ್ನೂ ರಿಜಿಸ್ಟರ್ ಮಾಡಿಸಬೇಕು. ಹಾಸ್ಪಿಟಲ್‌ನಲ್ಲಿ ನರ್ಸ್ ಫಾರಂ ತಂದು, ಹೆಸರಿನ ಜಾಗ ಬೇಕಾದರೆ ಖಾಲಿ ಬಿಡಬಹುದು ಎಂದಳು. ನಾವು ಬಿಡಲಿಲ್ಲ. ಅವಳ ಬರ್ತ್ ಸರ್ಟಿಫಿಕೇಟ್ ಬೀರುವಿನಲ್ಲಿ ನನ್ನ ಪಾಸ್‌ಪೋರ್ಟ್ ಜೊತೆ ಇದೆ. ಅಮ್ಮನಿಗೂ ಹೇಳಿಲ್ಲ. ಯಾಕೆ ಹೇಳಲಿಲ್ಲ ಗೊತ್ತಾ? ಆ ವಾರ ನೀವು ಫೋನ್ ಮಾಡಿದ್ದಿರಿ. ನಾನು ಅಳುತ್ತಿದ್ದೆ. ನೀವು, "ಹೆಸರಿಡದ ಕೂಸಿಗೆ ಅಳಬಾರದು ಮಗಳೇ, ಅದು ಇನ್ನೂ ಯಾರೂ ಆಗಿರಲಿಲ್ಲ" ಎಂದಿರಿ. ಆಗ ಅವಳಿಗೆ ಹೆಸರಿಟ್ಟು ಎರಡು ದಿನವಾಗಿತ್ತು. ಸರ್ಟಿಫಿಕೇಟ್ ಬರುವುದಿತ್ತು ಅಷ್ಟೇ. ನೀವು ಒಳ್ಳೆಯದಕ್ಕೇ ಹೇಳಿದ್ದು, ನನಗೆ ಗೊತ್ತು. ಆದರೆ ಅವತ್ತಿನಿಂದ ನಮ್ಮ ಕಡೆಯ ಯಾರ ಮುಂದೆಯೂ ಅವಳ ಹೆಸರು ಬಾಯಿಗೆ ಬರಲಿಲ್ಲ.

ಚಾರ್ಟ್ ಮಾವನ ಬರ್ತ್‌ಡೇಗೆ ಎಂದು ಕೇಳಿದ್ದು ಸುಳ್ಳಲ್ಲ. ಆದರೆ ಅದೊಂದೇ ಅಲ್ಲ. ಹಳೇ ಕಾಲದ ಪಾದ್ರಿಯೇ ಅಂಥ ಮಕ್ಕಳನ್ನು ಬರೆದಿದ್ದರೆ, ನೀವೂ ಬರೆಯುತ್ತೀರಿ, ಬರೆಯುತ್ತಾ ಒಂದು ದಿನ ನಮ್ಮವಳನ್ನೂ ಕೇಳುತ್ತೀರಿ ಎಂದುಕೊಂಡಿದ್ದೆ. ನೀವು ಕಳಿಸಿದ್ದು ಕೆಂಪು ಗೆರೆ.

ಈಗ ಇನ್ನೊಂದು ಕಷ್ಟ. ಹುಟ್ಟುವವಳಿಗೆ ಅದೇ ಹೆಸರಿಡೋಣ ಎಂದು ಮಾವ ಕೇಳುತ್ತಿದ್ದಾರೆ. ಪ್ರೀತಿಯಿಂದಲೇ. ಅವರಿಗೆ ಅದು ಮೊಮ್ಮಗಳನ್ನು ಮರೆಯದಿರುವ ದಾರಿ. ನನ್ನಿಂದ ಆಗುವುದಿಲ್ಲ ದೊಡ್ಡಮ್ಮ. ಅವಳಿಗೆ ನಾವು ಕೊಟ್ಟದ್ದು ಅದೊಂದೇ. ಅದನ್ನೂ ತೆಗೆದು ತಂಗಿಗೆ ಕೊಟ್ಟರೆ ಅವಳಿಗೆ ಏನು ಉಳಿಯುತ್ತದೆ? ಬೇಡ ಎಂದರೆ, ಇವಳಿಗೆ ಮರೆಯುವ ಆತುರ ಎಂದು ಮಾವ ಅಂದುಕೊಳ್ಳುತ್ತಾರೆ. ಬ್ರೆಂಡನ್ ಇಬ್ಬರ ನಡುವೆ ಸಿಕ್ಕಿಕೊಂಡಿದ್ದಾನೆ.

ಹೋದ ಬುಧವಾರ ಅವಳಿಗೆ ಎರಡು ವರ್ಷ. ನಾವಿಬ್ಬರೇ ಸ್ಮಶಾನಕ್ಕೆ ಹೋಗಿ ಬಂದೆವು.

ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನೀವು ಕೇಳಿಲ್ಲ.

ತೇಜಸ್ವಿನಿ


ಕ್ವೇಕರ್ಸ್ ಹಿಲ್
೧೪ ಜುಲೈ ೨೦೨೪

ಚಿ. ತೇಜುಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಕೂಡಲೇ ಬರೆದಿದ್ದರೆ ನನ್ನ ಸಮಾಧಾನಕ್ಕೆ ಬರೆದಂತಾಗುತ್ತಿತ್ತು. ಮೊದಲು ಕೆಲಸ ಮುಗಿಸೋಣ ಎಂದು ಲೈಬ್ರರಿಗೆ ಹೋದೆ. ಗುರುವಾರ ಅಲ್ಲದ ದಿನ, ಡೋರೀನ್ ಇಲ್ಲದಾಗ. ಈ ಸಲ ಅಂಗೈ ಮಡಿಲಲ್ಲಿಟ್ಟುಕೊಂಡು ಕೂತೆ.

ಎಸ್ ಅಕ್ಷರದ ಸಾಲುಗಳು ಬಿ ಸಾಲುಗಳಷ್ಟೇ ಇವೆ ಮಗಳೇ. ನಾನು ಅರ್ಧ ಊರನ್ನೇ ದಾಟಿಕೊಂಡು ಹೋಗಿದ್ದೆ. ಮೊದಲ ಮರಿ ಜೋಯೆ ೧೮೨೬ರ ನವೆಂಬರಿನಲ್ಲಿ ಹೋದಾಗ ಹತ್ತೊಂಬತ್ತು ದಿನದವಳು. ನಿನ್ನ ಮಾವ ಹೇಳಿದ್ದೇ ಸರಿ. ಅಪ್ಪನಿಗೆ ಸಹಿ ಬರುವುದಿಲ್ಲ ಎಂದು ಪಾದ್ರಿ ಬರೆದಿದ್ದಾನೆ, ಆದರೆ ಅಪ್ಪ ಅಲ್ಲಿ ನಿಂತಿದ್ದ ಎಂದೂ ಬರೆದಿದ್ದಾನೆ. ಆ ಮನೆಯಲ್ಲಿ ಇನ್ನೂ ಇಬ್ಬರು ಚಿಕ್ಕವರು ಹೋಗಿದ್ದಾರೆ. ಒಂದು ಹುಟ್ಟುವಾಗಲೇ ಹೋದದ್ದು. ಅದಕ್ಕೆ ಹೆಸರಿಲ್ಲ. ಹೆಸರಿನ ಜಾಗದಲ್ಲಿ ಒಂದು ಮಾತಿತ್ತು, ಚೀಟಿಯಲ್ಲಿ ಇರಲಿಲ್ಲ, ಮಾರನೆಯ ದಿನ ಡೋರೀನ್‌ಗೆ ಫೋನ್ ಮಾಡಿ ಕೇಳಿದೆ. 'ಹೆಸರಿಲ್ಲದ್ದು' ಎಂದೇ ಅದರ ಅರ್ಥವಂತೆ. ಹೆಸರಿಲ್ಲದ್ದು, ಇಂಥವನ ಮತ್ತು ಇಂಥವಳ ಮಗು. ಹೆಸರಿಲ್ಲದ ಕೂಸಿಗೂ ಅವನು ಒಂದು ಸಾಲು ಕೊಟ್ಟಿದ್ದಾನೆ.

ನಾನು ನಿನಗೆ ಹೇಳಿದ ಮಾತು ನನ್ನದಲ್ಲ. ನನ್ನದಲ್ಲ ಎಂದ ಮಾತ್ರಕ್ಕೆ ತಪ್ಪು ನನ್ನದಲ್ಲವೆಂದಲ್ಲ. ಎಲ್ಲಿಂದ ಬಂತು ಎಂದು ನಿನಗೆ ಗೊತ್ತಿರಲಿ. ೧೯೭೬ರಲ್ಲಿ, ಗೌರೀಶನಿಗಿಂತ ಮೊದಲು, ನನಗೊಂದು ಗಂಡುಮಗು ಹುಟ್ಟಿತ್ತು. ನಿನ್ನಮ್ಮನಿಗೆ ಗೊತ್ತು, ಅವಳಾಗ ಹೈಸ್ಕೂಲಿನಲ್ಲಿದ್ದಳು. ಹನ್ನೊಂದನೆಯ ದಿನ ಹೆಸರಿಡಬೇಕಿತ್ತು, ಒಂಬತ್ತನೆಯ ದಿನ ಹೋಯಿತು. ನಮ್ಮತ್ತೆ ನನ್ನ ಗಲ್ಲ ಒರೆಸಿ, ಹೆಸರಿಡದ ಕೂಸಿಗೆ ಅಳಬಾರದು ಎಂದರು. ಅವರಿಗೂ ಯಾರೋ ಹಾಗೆ ಹೇಳಿದ್ದಿರಬೇಕು. ನಾನು ಅಳು ನಿಲ್ಲಿಸಿದೆ, ಎಲ್ಲರೂ ಗಟ್ಟಿಗಿತ್ತಿ ಎಂದರು. ಆ ಹೊಗಳಿಕೆಯನ್ನೇ ನಿನಗೂ ಕೊಡಿಸೋಣ ಎಂದು ನಾನು ಫೋನ್ ಮಾಡಿದ್ದು. ನಿನಗೆ ಅದು ಬೇಕಿರಲಿಲ್ಲ. ನೋಡಿದರೆ ನನಗೂ ಬೇಕಿರಲಿಲ್ಲ.

ಮೊನ್ನೆ ಅದೇ ಕಂದು ಕಾಗದದಲ್ಲಿ ನಮ್ಮ ಮನೆಯದೂ ಒಂದು ಶುರುಮಾಡಿದೆ. ಗೌರೀಶ ಆಫೀಸಿನಿಂದ ಬಂದವನು ಬ್ಯಾಗ್ ಕೂಡ ಇಳಿಸದೆ ಬಗ್ಗಿ ನೋಡಿದ.

"ಅಮ್ಮ, ನನ್ನ ಮೇಲೆ ಯಾರದು ಈ ಗೆರೆ?"

"ನಿನ್ನ ಅಣ್ಣಂದು."

"ನನಗೆ ಅಣ್ಣ ಇದ್ನಾ?"

"ಒಂಬತ್ತು ದಿನ ಇದ್ದ."

ಅವನು ಕೂತ. ಬ್ಯಾಗ್ ಇಳಿಸಿ, "ಯಾರ ಥರ ಇದ್ದ?" ಎಂದ. ನಲವತ್ತೆಂಟು ವರ್ಷದಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅವನ ಅಪ್ಪನ ಕಿವಿ ಎಂದು ಹೇಳಿದೆ. ಹೇಳುವವರೆಗೆ ಅದು ನನಗೆ ನೆನಪಿದೆ ಎಂದು ನನಗೇ ಗೊತ್ತಿರಲಿಲ್ಲ. ಅದ್ವಿಕ್ ಹತ್ತಿರ ಬಂದು, "ಅಜ್ಜಿ, ವಾಟ್ ವಾಸ್ ಹಿಸ್ ನೇಮ್?" ಎಂದ. ಇಲ್ಲ ಪುಟ್ಟ, ಇಡಲಿಲ್ಲ ಎಂದೆ. ಈಗ ಇಡುವುದೂ ಇಲ್ಲ. ಗೆರೆ ಇದೆ, ಸಾಕು.

ಇನ್ನು ನಿನ್ನ ಮಾವನ ಮಾತು. ಅವರನ್ನು ತಪ್ಪು ತಿಳಿಯಬೇಡ. ಅವರ ಹಿರಿಯರಿಗೆ ಬೇರೆ ಜಾಗ ಇರಲಿಲ್ಲ. ಪುಸ್ತಕ ಚರ್ಚಿನಲ್ಲಿ ಬೀಗ ಹಾಕಿರುತ್ತಿತ್ತು, ಅದನ್ನು ಓದಲೂ ಬರುತ್ತಿರಲಿಲ್ಲ. ಹೆಸರು ಉಳಿಯಬೇಕಾದರೆ ಇನ್ನೊಂದು ಮಗುವಿನ ಮೇಲೆಯೇ ಇಡಬೇಕಿತ್ತು. ನಿನಗೆ ಹಾಗಲ್ಲ. ಅವಳ ಹೆಸರು ಕೆವಿನ್ ಅವರ ಮನೆಯ ಗೋಡೆಯ ಮೇಲೆ, ದಿನಾ ಟೀ ಕುಡಿಯುವ ಕಡೆಯೇ ಇದ್ದರೆ, ಅದನ್ನು ಇನ್ನೊಬ್ಬಳಿಗೆ ಹೊರಿಸುವ ಅಗತ್ಯ ಅವರಿಗೂ ಕಾಣುವುದಿಲ್ಲ. ಬರುವವಳು ತನ್ನದೇ ಹೆಸರು ತೆಗೆದುಕೊಂಡು ಬರಲಿ. ನನಗೆ ತೋರಿದ್ದು ಇದು. ನಿನಗೆ ಬೇರೆ ತೋರಿದರೆ ನಿನ್ನದೇ ಸರಿ.

ಅದಕ್ಕಾಗಿ ಒಳ್ಳೆಯ ಪ್ರತಿ ಬರೆದಿದ್ದೇನೆ. ನೀನು ಬೇಡವೆಂದಿದ್ದೆ, ಆದರೂ ಬರೆದೆ. ಇಬ್ಬರು ಜೋಯೆಯರೂ ಇದ್ದಾರೆ, ಅಕ್ಕಪಕ್ಕದಲ್ಲಿ, ಇಬ್ಬರಿಗೂ ಒಂದೇ ಅಳತೆಯ ಅಕ್ಷರ. ಹೆಸರಿಲ್ಲದ್ದೂ ಇದೆ. ಕೆಂಪು ಪೆನ್ಸಿಲ್ಲನ್ನು ಮುಟ್ಟಲಿಲ್ಲ. ಕೆಳಗೆ ಬ್ರೆಂಡನ್, ತೇಜಸ್ವಿನಿ ಎಂದು ನಿಮ್ಮಿಬ್ಬರ ಸಾಲು. ನಿನಗೆ ತವರಿನ ಹೆಸರೇ ಹಾಕಿದ್ದೇನೆ, ಆ ಪಾದ್ರಿಯ ಪದ್ಧತಿಯಂತೆ. ಅದರ ಕೆಳಗೆ ಇಬ್ಬರು ಹೆಣ್ಣುಮಕ್ಕಳಿಗೆ ಜಾಗ ಬಿಟ್ಟಿದ್ದೇನೆ. ಎರಡನೆಯದು ಸೆಪ್ಟೆಂಬರಿನವರೆಗೆ ಕಾಯಲಿ. ಮೊದಲನೆಯದು ಕಾಯುವುದು ಬೇಡ.

ಮುಂದಿನ ತಿಂಗಳು ಹದಿನೈದಕ್ಕೆ ನಾನೇ ಹಾಳೆ ತೆಗೆದುಕೊಂಡು ಬರುತ್ತೇನೆ. ಮಹಾಶ್ವೇತಾ ಟಿಕೆಟ್ ಬುಕ್ ಮಾಡಿದ್ದಾಳೆ, ಒಬ್ಬಳೇ ಬರುತ್ತೇನೆ. ಸ್ಮಶಾನಕ್ಕೆ ಕರೆದುಕೊಂಡು ಹೋಗುತ್ತೀಯಾ? ಬಸುರಿಯನ್ನು ಅಲ್ಲಿಗೆ ಕಳಿಸಬಾರದು ಎನ್ನುವವಳು ನಾನೇ ಆಗಿದ್ದೆ. ನೀನು ಹೇಗೂ ಹೋಗುತ್ತೀಯ, ಜೊತೆಗೆ ಒಬ್ಬರಿರಲಿ.

ಬರುವ ಮೊದಲು ಹಾಳೆ ಪೂರ್ತಿಯಾಗಬೇಕು. ನನ್ನ ಮೊಮ್ಮಗಳ ಹೆಸರೇನು ತೇಜು? ಯಾರು ಆರಿಸಿದ್ದು, ನೀನೋ ಬ್ರೆಂಡನ್ನೋ? ಹೇಗೆ ಉಚ್ಚರಿಸಬೇಕು? ನಿನ್ನ ಕೈಯಕ್ಷರದಲ್ಲೇ, ಕನ್ನಡದಲ್ಲೇ ಬರೆ, ನಾನು ನೋಡಿಕೊಂಡು ತಿದ್ದಿ ತೀಡಿ ಇಳಿಸುತ್ತೇನೆ. ಶಾಯಿ ಕಲಸಿಟ್ಟಿದ್ದೇನೆ. ಬೇಗ ಬರೆ ಮಗಳೇ.

ನಿನ್ನ ದೊಡ್ಡಮ್ಮ,
ಅನಸೂಯಾ